ಮಿದುಳಿನ ಪೆಪ್ಟೈಡ್ ಅಳೆಯುವ ಮುನ್ನ ಕೇಳಬೇಕಾದ್ದು

ಇಲಿಯ ಮಿದುಳಲ್ಲಿ ಆಕ್ಸಿಟೋಸಿನ್ ಇಷ್ಟಿದೆ ಅಂತ ಯಾರಾದರೂ ಅಂಕಿ ತೋರಿಸಿದರೆ, ನಾನು ಮೊದಲು ಕೇಳುವುದು ಅಳೆದ ಕಿಟ್ ಯಾವುದು ಅಂತಲ್ಲ. ಪ್ರಾಣಿ ಸತ್ತ ಮೇಲೆ ಮಿದುಳು ಫ್ರೀಜ್ ಆಗಲು ಎಷ್ಟು ಹೊತ್ತು ಹಿಡಿಯಿತು ಅಂತ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಳಿ. ಆಕ್ಸಿಟೋಸಿನ್‌ನಲ್ಲಿ 9 ಇವೆ, ಥೈರಾಯ್ಡ್ ಕೆಲಸವನ್ನು ಚುರುಕುಗೊಳಿಸುವ ಮಿದುಳಿನ ಹಾರ್ಮೋನ್ ಟಿಆರ್‌ಎಚ್‌ನಲ್ಲಿ ಬರೀ 3. ಇವನ್ನು ಕತ್ತರಿಸುವ ಎಂಜೈಮುಗಳೂ ಅಲ್ಲೇ ಇರುತ್ತವೆ, ಜೀವ ಹೋದರೂ ಅವು ಕೆಲಸ ನಿಲ್ಲಿಸಲ್ಲ. ಅದಕ್ಕೇ ತಕ್ಷಣ ದ್ರವ ಸಾರಜನಕ, ಇಲ್ಲವೇ ಒಂದೆರಡು ಸೆಕೆಂಡಿನಲ್ಲಿ ಮಿದುಳನ್ನು ಬಿಸಿ ಮಾಡಿ ಎಂಜೈಮುಗಳನ್ನು ಕೆಡಿಸುವ ಮೈಕ್ರೋವೇವ್ ಯಂತ್ರ (ಅಡುಗೆಮನೆಯದ್ದಲ್ಲ, ದಯವಿಟ್ಟು). ಆಮೇಲೆ ಆಮ್ಲದಲ್ಲಿ ಅರೆಯುವುದು.

ಇನ್ನು ಟ್ಯೂಬಿನ ಕಾಟ. ನಾವು ಅಳೆಯುವುದು ಪಿಕೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ತೆಳು ದ್ರಾವಣದಲ್ಲಿ ಪೆಪ್ಟೈಡ್ ಸುಮ್ನೆ ಗಾಜಿಗೋ ಪ್ಲಾಸ್ಟಿಕ್ಕಿಗೋ ಅಂಟಿಕೊಂಡು ಲೆಕ್ಕದಿಂದಲೇ ಮಾಯವಾಗುತ್ತದೆ. ಗೊತ್ತಿರುವಷ್ಟು ಪೆಪ್ಟೈಡನ್ನು ಮೊದಲೇ ಬೆರೆಸಿ, ಕೊನೆಗೆ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡದಿದ್ದರೆ ಆ ಅಂಕಿಯನ್ನು ನಾನಂತೂ ನಂಬಲ್ಲ.

ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅವರ ರೇಡಿಯೋ ಇಮ್ಯುನೋಅಸ್ಸೇ (ಪೆಪ್ಟೈಡನ್ನು ಗುರುತಿಸಿ ಹಿಡಿಯುವ ಆಂಟಿಬಾಡಿಯನ್ನೂ ವಿಕಿರಣದ ಗುರುತನ್ನೂ ಬಳಸಿ ಅಳೆಯುವ ವಿಧಾನ) ಬಂದ ಮೇಲೆ ಇಷ್ಟು ಸಣ್ಣ ಪ್ರಮಾಣವನ್ನೂ ಅಳೆಯುವುದು ಸಾಧ್ಯವಾಯಿತು. 1977ರ ನೊಬೆಲ್ ಅನ್ನು ಯಾಲೋ ಜೊತೆ ಹಂಚಿಕೊಂಡವರು ಗಿಯೆಮಿನ್ ಮತ್ತು ಶಾಲಿ. ಟಿಆರ್‌ಎಚ್ ಹುಡುಕಲು ಅವರ ತಂಡಗಳು ಕುರಿ, ಹಂದಿಗಳ ಹೈಪೋಥಲಾಮಸ್‌ಗಳನ್ನು (ಮಿದುಳಿನ ತಳದಲ್ಲಿರುವ, ಹಾರ್ಮೋನ್ ತಯಾರಿಸುವ ಭಾಗ) ಲಕ್ಷಗಟ್ಟಲೆ ಅರೆದಿದ್ದವು. ಆದರೆ ಆಂಟಿಬಾಡಿ ನೋಡುವುದು ಪೆಪ್ಟೈಡಿನ ಒಂದು ಭಾಗ ಮಾತ್ರ. ಆ ಭಾಗ ಉಳಿದಿರುವ ಮುರುಕು ತುಂಡನ್ನೂ, ಇನ್ನೂ ಕತ್ತರಿಸದ ಮೂಲ ಪ್ರೋಟೀನನ್ನೂ ಅದು ಹಿಡಿದುಕೊಳ್ಳಬಹುದು. ದೇಹದಲ್ಲಿ ನೀರು ಉಳಿಸುವ ಹಾರ್ಮೋನ್ ವಾಸೊಪ್ರೆಸಿನ್‌ಗೂ ಆಕ್ಸಿಟೋಸಿನ್‌ಗೂ ಇರುವ ವ್ಯತ್ಯಾಸ ಎರಡೇ ಅಮೈನೋ ಆಮ್ಲ, ನೋಡಿ. ಸ್ಯಾಂಪಲ್ ಶುದ್ಧ ಮಾಡದೆ ನೇರವಾಗಿ ಕಿಟ್‌ಗೆ ಹಾಕಿದರೆ ಅಂಕಿ ಹಲವು ಪಟ್ಟು ಜಾಸ್ತಿ ಬರುವುದುಂಟು. ಸಂಶಯವಿದ್ದರೆ ಮೊದಲು ಕ್ರೊಮಟೋಗ್ರಫಿಯಲ್ಲಿ ಬೇರ್ಪಡಿಸಿ, ಸಾಧ್ಯವಾದರೆ ಮಾಸ್ ಸ್ಪೆಕ್ಟ್ರೋಮೀಟರಲ್ಲಿ ತೂಕವನ್ನೂ ನೋಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗುವುದು ದಾಸ್ತಾನಿನ ಲೆಕ್ಕ ಅಷ್ಟೇ. ಇಲಿಗೆ ಕೆಲವು ದಿನ ನೀರು ಕೊಡದಿದ್ದರೆ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ದಾಸ್ತಾನಿರುವ ವಾಸೊಪ್ರೆಸಿನ್ ಕಡಿಮೆಯಾಗುತ್ತದೆ, ರಕ್ತದಲ್ಲಿ ಏರುತ್ತದೆ, ಹೈಪೋಥಲಾಮಸ್‌ನಲ್ಲಿ ಅದರ ಎಂಆರ್‌ಎನ್‌ಎ (ಅದನ್ನು ತಯಾರಿಸಲು ಜೀವಕೋಶ ಓದುವ ಸೂಚನೆ) ಕೂಡ ಏರುತ್ತದೆ. ಅಂದರೆ ಕೆಲಸ ಜೋರಾಗಿದೆ, ಗೋದಾಮು ಖಾಲಿಯಾಗುತ್ತಿದೆ. ಬರೀ ಪಿಟ್ಯುಟರಿ ಅಳೆದವರು ಇದನ್ನು ಉಲ್ಟಾ ಓದಿಬಿಡಬಹುದು, ಅಲ್ವಾ? ಬಿಡುಗಡೆ ಎಷ್ಟಾಗುತ್ತಿದೆ ಅಂತ ತಿಳಿಯಬೇಕಾದರೆ ಬದುಕಿರುವ ಪ್ರಾಣಿಯಲ್ಲೇ ಮೈಕ್ರೋಡಯಾಲಿಸಿಸ್ ಮಾಡಬೇಕು, ಅಂದರೆ ತೆಳು ಪೊರೆಯಿರುವ ಸಣ್ಣ ಕೊಳವೆಯನ್ನು ಮಿದುಳಿಗೆ ಇಳಿಸಿ, ಪೊರೆ ದಾಟಿ ಬಂದದ್ದನ್ನು ಸಂಗ್ರಹಿಸಬೇಕು. ಅಲ್ಲಿ ಪೊರೆ ದಾಟಿ ಬರುವ ಪೆಪ್ಟೈಡ್ ಇನ್ನೂ ಕಡಿಮೆ, ಟ್ಯೂಬಿಗೆ ಅಂಟುವ ತಲೆನೋವೂ ತಪ್ಪಲ್ಲ.