ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಕೇಳಿ, ಇದು ಯಾವ ಭಾಷೆ ಓದುತ್ತದೆ?

ನಮ್ಮಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಎರಡನೇ ವರ್ಷಕ್ಕೆ ಬಂದಾಗ ಅವಳಿಗೆ ಮೊದಲ ಲ್ಯಾಪ್‌ಟಾಪ್ ಬಂತು. ತೆಳ್ಳಗಿದೆ, ಬಿಸಿಯಾಗುವುದಿಲ್ಲ, ಬೆಳಗ್ಗೆ ಚಾರ್ಜ್ ಮಾಡಿದರೆ ರಾತ್ರಿವರೆಗೂ ಬರುತ್ತದೆ. ಮನೆಯವರಿಗೆಲ್ಲ ಖುಷಿ. ಒಂದು ವಾರದ ಮೇಲೆ ಲ್ಯಾಬ್‌ನಿಂದ 8051 ಮೈಕ್ರೋಕಂಟ್ರೋಲರ್ ಬೋರ್ಡ್ ಮನೆಗೆ ತಂದು ಚುಚ್ಚಿದಳು. ಡಿವೈಸ್ ಮ್ಯಾನೇಜರ್‌ನಲ್ಲಿ ಬೋರ್ಡಿನ ಹೆಸರಿನ ಪಕ್ಕ ಒಂದು ಸಣ್ಣ ಹಳದಿ ತ್ರಿಕೋನ ಬಂದು ಕೂತಿತು. ಕೇಬಲ್ ಬದಲಾಯಿಸಿದಳು. ಇನ್ನೊಂದು ಕಡೆ ಚುಚ್ಚಿದಳು. ಮೂರು ಸಲ ಆಫ್ ಮಾಡಿ ಆನ್ ಮಾಡಿದಳು. ತ್ರಿಕೋನ ಹೋಗಲಿಲ್ಲ.

"ಮಾಮ, ಹೊಸಾ ಲ್ಯಾಪ್‌ಟಾಪು, ಆಗ್ಲೇ ಕೆಟ್ಟೋಯ್ತು" ಎಂದು ಫೋನ್ ಮಾಡಿದಳು. ಹೋಗಿ ನೋಡಿದೆ. ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ, ಬೋರ್ಡೂ ಕೆಟ್ಟಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದರೆ ‘ಸಿಸ್ಟಂ ಟೈಪ್’ ಎಂಬ ಸಾಲು ಸಿಗುತ್ತದೆ. ಅಲ್ಲಿ ‘ಆರ್ಮ್ ಬೇಸ್ಡ್ ಪ್ರೊಸೆಸರ್’ ಎಂದಿತ್ತು. ಬೋರ್ಡಿನ ಜೊತೆ ಬಂದಿದ್ದ ಸಿಡಿಯಲ್ಲಿದ್ದ ಡ್ರೈವರ್, ಅಂದರೆ ಬೋರ್ಡನ್ನು ಲ್ಯಾಪ್‌ಟಾಪಿಗೆ ಪರಿಚಯಿಸುವ ಸಣ್ಣ ಪ್ರೋಗ್ರಾಂ, ಇಂಟೆಲ್ ಜಾತಿಯ ಪ್ರೊಸೆಸರಿಗೆ ಬರೆದದ್ದು. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ, ಅಷ್ಟೇ.

ಪಿಯುಸಿ ಮುಗಿಸಿ ಮೊದಲ ಲ್ಯಾಪ್‌ಟಾಪ್ ಕೊಳ್ಳುವ ಮಕ್ಕಳು ರ್‍ಯಾಮ್ ಎಷ್ಟು, ಸ್ಟೋರೇಜ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಪ್ರೊಸೆಸರ್ ಯಾವ ಭಾಷೆ ಓದುತ್ತದೆ ಎಂದು ಕೇಳಿದವರನ್ನು ನಾನು ನೋಡಿಲ್ಲ. 2020ರವರೆಗೆ ಕೇಳುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಇಂಟೆಲ್ ಆಗಲಿ ಎಎಂಡಿ ಆಗಲಿ, ಅಂಗಡಿಯಲ್ಲಿ ಸಿಗುತ್ತಿದ್ದ ಹೆಚ್ಚುಕಮ್ಮಿ ಎಲ್ಲ ಲ್ಯಾಪ್‌ಟಾಪ್‌ಗಳೂ ಓದುತ್ತಿದ್ದದ್ದು ಒಂದೇ ಭಾಷೆ, ಎಕ್ಸ್86. 1978ರ ಇಂಟೆಲ್ 8086 ಚಿಪ್‌ನಿಂದ ಬೆಳೆದು ಬಂದ ಭಾಷೆ ಅದು. 2020ರ ನವೆಂಬರಿನಲ್ಲಿ ಆಪಲ್ ತನ್ನ ಎಂ1 ಚಿಪ್‌ನೊಂದಿಗೆ ಆರ್ಮ್ ಭಾಷೆಗೆ ಹೊರಳಿತು. 2024ರ ಜೂನ್ 18ಕ್ಕೆ ಕ್ವಾಲ್ಕಾಂನ ಸ್ನಾಪ್‌ಡ್ರಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದವು. ಈಗ ಒಂದೇ ಶೋಕೇಸಿನಲ್ಲಿ, ಒಂದೇ ವಿಂಡೋಸ್ ಪರದೆ ತೋರಿಸುತ್ತ, ಎರಡು ಬೇರೆ ಭಾಷೆಯ ಯಂತ್ರಗಳು ಅಕ್ಕಪಕ್ಕ ಕೂತಿರುತ್ತವೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಭಾಷೆ ಬೇರೆ ಎಂದರೆ ಏನು ಎಂಬುದನ್ನು ಕನ್ನಡದವರಿಗೆ ವಿವರಿಸುವುದು ಸುಲಭ, ಏಕೆಂದರೆ ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದಿದ್ದೀರಲ್ವಾ? ಕನ್ನಡದ ಬದಲು ತಲೆ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಹಾಳಾಗಿರುವುದಿಲ್ಲ. ಒಳಗಿನ ಅಂಕಿಗಳು ಒಂದೂ ಬದಲಾಗಿರುವುದಿಲ್ಲ. ಯಾವ ಅಂಕಿ ಅಂದರೆ ಯಾವ ಅಕ್ಷರ ಎಂಬ ಒಪ್ಪಂದ ಮಾತ್ರ ಬೇರೆ. ಪ್ರೊಸೆಸರ್ ಕಥೆಯೂ ಇದೇ. ಪ್ರೋಗ್ರಾಂ ಎಂದರೆ ಕೊನೆಗೆ ಅಂಕಿಗಳ ಸಾಲು. ಯಾವ ಅಂಕಿ ಅಂದರೆ ಯಾವ ಕೆಲಸ ಎಂಬ ಒಪ್ಪಂದವೇ ಆ ಪ್ರೊಸೆಸರಿನ ಭಾಷೆ.

ಒಂದು ಸಣ್ಣ ಆದೇಶವನ್ನು ಹತ್ತಿರದಿಂದ ನೋಡೋಣ. ‘ಕೆಲಸ ಮುಗಿಯಿತು, ಎಲ್ಲಿಂದ ಬಂದೆಯೋ ಅಲ್ಲಿಗೆ ವಾಪಸ್ ಹೋಗು’ ಎನ್ನುವ ಆದೇಶ ಪ್ರತಿ ಪ್ರೋಗ್ರಾಮಿನಲ್ಲೂ ಸಾವಿರಾರು ಸಲ ಬರುತ್ತದೆ. ಎಕ್ಸ್86 ಭಾಷೆಯಲ್ಲಿ ಇದಕ್ಕೆ ಒಂದೇ ಅಂಕಿ ಸಾಕು: 195. 64 ಬಿಟ್ ಆರ್ಮ್ ಭಾಷೆಯಲ್ಲಿ ಇದನ್ನೇ ಹೇಳಲು ನಾಲ್ಕು ಅಂಕಿ ಬೇಕು: 192, 3, 95, 214. ಹಾಗಾದರೆ ಎಕ್ಸ್86 ಚುರುಕು ಅನ್ನಿಸುತ್ತದೆ. ಇಂಥ ಒಂದೊಂದು ಅಂಕಿಗೂ ಒಂದು ಬೈಟ್ ಎನ್ನುತ್ತಾರೆ. ಆದರೆ ಎಕ್ಸ್86ನಲ್ಲಿ ಒಂದು ಆದೇಶದ ಉದ್ದ 1 ಬೈಟ್‌ನಿಂದ 15 ಬೈಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು. 64 ಬಿಟ್ ಆರ್ಮ್‌ನಲ್ಲಿ ಯಾವಾಗಲೂ 4 ಬೈಟ್. ಉದ್ದ ಒಂದೇ ಸಮ ಇಲ್ಲದಿದ್ದರೆ ಆಗುವ ಕಷ್ಟ ಹಳೆಯ ಶಾಸನಗಳನ್ನು ನೋಡಿದವರಿಗೆ ಗೊತ್ತು. ಪದಗಳ ನಡುವೆ ಜಾಗ ಬಿಡದೆ ಕೆತ್ತಿರುತ್ತಾರೆ. ಒಂದು ಪದ ಎಲ್ಲಿ ಮುಗಿಯಿತು ಎಂದು ಗೊತ್ತಾದ ಮೇಲೇ ಮುಂದಿನದು ಎಲ್ಲಿ ಶುರು ಎಂದು ತಿಳಿಯುವುದು. ಚೌಕುಳಿ ಕಾಗದದಲ್ಲಿ ಮನೆಗೊಂದು ಪದದಂತೆ ಬರೆದಿದ್ದರೆ? ಎಂಟು ಜನ ಎಂಟು ಮನೆಗಳನ್ನು ಒಟ್ಟಿಗೇ ಓದಬಹುದು. ಆಪಲ್ ಎಂ1ನ ದೊಡ್ಡ ಕೋರ್‌ಗಳು (ಕೋರ್ ಅಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಮಾಡುವುದು ಅದನ್ನೇ, ಒಂದೇ ಏಟಿಗೆ ಎಂಟು ಆದೇಶ ಬಿಡಿಸುತ್ತವೆ.

ಈ ಆರ್ಮ್ ಹುಟ್ಟಿದ ಕಥೆ ನನಗೆ ತುಂಬ ಇಷ್ಟ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಏಕಾರ್ನ್ ಎಂಬ ಕಂಪನಿ ಇತ್ತು. ಶಾಲಾ ಮಕ್ಕಳಿಗಾಗಿ 1981ರಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ತಂದು ಹೆಸರಾದವರು. ಅದರ ಮುಂದಿನ ಕಂಪ್ಯೂಟರಿಗೆ ತಕ್ಕ ಚಿಪ್ ಹುಡುಕಿದಾಗ ಯಾವುದೂ ಹಿಡಿಸಲಿಲ್ಲ. ಅಲ್ಲಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ಅಮೆರಿಕದ ಫೀನಿಕ್ಸ್‌ಗೆ ಹೋಗಿ ಚಿಪ್ ವಿನ್ಯಾಸ ಮಾಡುವ ಒಂದು ಕಂಪನಿಯನ್ನು ನೋಡಿದರು. ಕೈಬೆರಳೆಣಿಕೆಯ ಜನ ಸೇರಿ ಪ್ರೊಸೆಸರ್ ಮಾಡುತ್ತಿದ್ದರು. ಇವರಿಗೆ ಆಗುವುದಾದರೆ ನಮಗೂ ಆಗುತ್ತದೆ ಎಂದು ವಾಪಸ್ ಬಂದು ತಾವೇ ಕೂತರು. 1985ರ ಏಪ್ರಿಲ್ 26ರಂದು ಮೊದಲ ಆರ್ಮ್ ಚಿಪ್ ಕೈಗೆ ಬಂತು. ಅದರಲ್ಲಿದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್ ಮಾತ್ರ.

ಆ ಚಿಪ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಅಳೆಯಲು ಫರ್ಬರ್ ಮೀಟರ್ ಹಾಕಿದರು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಚಿಪ್ ಮಾತ್ರ ಸರಾಗವಾಗಿ ಲೆಕ್ಕ ಮಾಡುತ್ತಿತ್ತು! ನೋಡಿದರೆ, ಬೋರ್ಡಿನಲ್ಲಿ ಚಿಪ್‌ಗೆ ಕರೆಂಟ್ ಕೊಡುವ ತಂತಿಯೇ ಸೇರಿಕೊಂಡಿರಲಿಲ್ಲ. ಅಕ್ಕಪಕ್ಕದ ಬಿಡಿಭಾಗಗಳಿಂದ ಸಂಕೇತದ ಕಾಲುಗಳ ಮೂಲಕ ಸೋರಿಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು. ಚಿಪ್ ಇಷ್ಟು ಕಮ್ಮಿ ಕರೆಂಟ್ ಎಳೆಯುವಂತೆ ಅವರು ಮಾಡಿದ್ದಕ್ಕೆ ಮೂಲ ಕಾರಣ ಬ್ಯಾಟರಿಯಲ್ಲ. ದುಬಾರಿ ಸೆರಾಮಿಕ್ ಕವಚದ ಬದಲು ಅಗ್ಗದ ಪ್ಲಾಸ್ಟಿಕ್ ಕವಚ ಬಳಸಬೇಕಿತ್ತು, ಪ್ಲಾಸ್ಟಿಕ್ ಕರಗದಿರಲು ಚಿಪ್ 1 ವ್ಯಾಟ್‌ಗಿಂತ ಕಡಿಮೆ ತಿನ್ನಬೇಕಿತ್ತು. ಲೆಕ್ಕ ತಪ್ಪಬಾರದೆಂದು ಹುಷಾರಾಗಿ ಮಾಡಿದ್ದರಿಂದ ಅದು ವ್ಯಾಟಿನ ಹತ್ತನೇ ಒಂದು ಭಾಗಕ್ಕೇ ಇಳಿಯಿತು. ಮೊಬೈಲ್ ಕಾಲ ಬಂದಾಗ ಆ ಗುಣವೇ ಅದನ್ನು ಎಲ್ಲರ ಜೇಬಿಗೂ ತಲುಪಿಸಿತು.

ಅದಕ್ಕೇ ‘ಆರ್ಮ್ ಅಂದ್ರೆ ಮೊಬೈಲ್ ಚಿಪ್ಪು, ಲ್ಯಾಪ್‌ಟಾಪಿಗೆ ಶಕ್ತಿ ಸಾಲಲ್ಲ’ ಎನ್ನುವ ಮಾತು ಹುಟ್ಟಿದ್ದು. ಇದು ತಪ್ಪು. 2020ರ ಜೂನ್‌ನಲ್ಲಿ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್ ಎನಿಸಿದ ಜಪಾನಿನ ಫುಗಾಕು ಓಡುವುದು ಆರ್ಮ್ ಭಾಷೆಯ ಪ್ರೊಸೆಸರ್‌ಗಳ ಮೇಲೆ. ಇದರ ಉಲ್ಟಾ ನಂಬಿಕೆಯೂ ಅಷ್ಟೇ ತಪ್ಪು: ‘ಆರ್ಮ್ ಆದರೆ ಮಾತ್ರ ಬ್ಯಾಟರಿ ಜಾಸ್ತಿ ಬರುತ್ತದೆ’. 2024ರ ಸೆಪ್ಟೆಂಬರಿನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಚಿಪ್‌ಗಳು ಎಕ್ಸ್86 ಭಾಷೆಯವೇ. ಅವು ಇರುವ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ ಚೆನ್ನಾಗಿ ಬಾಳುತ್ತದೆ. ಚಿಪ್ ತಯಾರಿಸುವ ವಿಧಾನ, ಮೆಮೊರಿ ಎಷ್ಟು ಹತ್ತಿರ ಇದೆ, ಸುಮ್ನೆ ಇದ್ದಾಗ ಎಷ್ಟು ಭಾಗ ಮಲಗುತ್ತದೆ ಎಂಬುವೇ ಬ್ಯಾಟರಿಯನ್ನು ಜಾಸ್ತಿ ತೀರ್ಮಾನಿಸುವುದು.

ಇನ್ನು ಭಾಷೆ ಬೇರೆಯಾದರೆ ಹಳೆಯ ಪ್ರೋಗ್ರಾಂ ಓಡುವುದೇ ಇಲ್ಲವಾ? ಓಡುತ್ತದೆ. ಹಳೆಯ ನುಡಿ ಫೈಲನ್ನು ಯುನಿಕೋಡ್‌ಗೆ ತಿರುಗಿಸುವ ಕನ್ವರ್ಟರ್ ಬಳಸಿದ್ದೀರಲ್ಲ, ಅಂಥದೇ ಅನುವಾದಕ ಇಲ್ಲೂ ಇದೆ. ಆಪಲ್‌ನದು ರೊಸೆಟ್ಟಾ 2, ವಿಂಡೋಸ್‌ನದು ಪ್ರಿಸಂ. ರೊಸೆಟ್ಟಾ ಪ್ರೋಗ್ರಾಮಿನ ಬಹುಪಾಲನ್ನು ಮೊದಲೇ ತಿರುಗಿಸಿ ಇಟ್ಟುಕೊಳ್ಳುತ್ತದೆ. ಪ್ರಿಸಂ ಓಡುತ್ತ ಓಡುತ್ತಲೇ ತುಂಡು ತುಂಡಾಗಿ ತಿರುಗಿಸಿ, ತಿರುಗಿಸಿದ್ದನ್ನು ಎತ್ತಿಡುತ್ತದೆ. ಇದು ಹೊಸ ವಿದ್ಯೆ ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ಡಾಸ್‌ಬಾಕ್ಸ್ ಹಾಕಿ ಟರ್ಬೋ ಸಿ ಎಂಬ ಹಳೆಯ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ತೆರೆದವರೆಲ್ಲ ಇದೇ ಬಗೆಯ ವಿದ್ಯೆ ಬಳಸಿದ್ದಾರೆ. ಡಾಸ್‌ಬಾಕ್ಸ್ ಎಂದರೆ ಹಳೆಯ ಕಾಲದ ಪಿಸಿಯನ್ನು ಪೂರ್ತಿ ನಟಿಸಿ ತೋರಿಸುವ ಪ್ರೋಗ್ರಾಂ.

ಅನುವಾದದಲ್ಲಿ ನಿಜವಾಗಿ ಕಷ್ಟ ಇರುವುದು ಪದಗಳಲ್ಲಲ್ಲ, ಸರದಿಯಲ್ಲಿ. ಮದುವೆ ಊಟ ನೆನಪಿಸಿಕೊಳ್ಳಿ. ಬಾಳೆಲೆಗೆ ಉಪ್ಪು, ಕೋಸಂಬರಿ, ಪಲ್ಯ, ಅನ್ನ, ತೊವ್ವೆ ಬರುತ್ತವೆ, ಕೊನೆಗೆ ತುಪ್ಪ. ತುಪ್ಪ ಬಿತ್ತು ಅಂದರೆ ಊಟ ಶುರು ಮಾಡಬಹುದು ಎಂದು ಅರ್ಥ. ಕೂತವನು ಬೇರೇನೂ ನೋಡುವುದಿಲ್ಲ, ತುಪ್ಪ ಬಂತಾ ಎಂದಷ್ಟೇ ನೋಡುತ್ತಾನೆ. ಎಕ್ಸ್86 ಪ್ರೊಸೆಸರಿನಲ್ಲಿ ಒಂದು ಕೋರ್ ಬಡಿಸಿದ್ದು ಇನ್ನೊಂದು ಕೋರ್‌ಗೆ ಅದೇ ಸರದಿಯಲ್ಲಿ ಕಾಣುತ್ತದೆ. ತುಪ್ಪ ಕಂಡರೆ ಅನ್ನ ಬಂದೇ ಇರುತ್ತದೆ. ಆರ್ಮ್‌ನಲ್ಲಿ ಹಾಗಲ್ಲ. ಯಾರ ಕೈ ಬಿಡುವಾಗಿದೆಯೋ ಅವರು ಮೊದಲು ಬಡಿಸಬಹುದು, ಅದರಿಂದ ಪಂಕ್ತಿ ಬೇಗ ಸಾಗುತ್ತದೆ. ಆದರೆ ಅನ್ನಕ್ಕಿಂತ ಮುಂಚೆ ತುಪ್ಪ ಬಿದ್ದರೆ ಕೂತವನು ಬರಿ ಎಲೆಗೆ ಕೈ ಹಾಕುತ್ತಾನೆ. ಅದಕ್ಕೇ ಆರ್ಮ್‌ಗೆ ಬರೆಯುವವರು ಬೇಕಾದ ಕಡೆ ‘ಅನ್ನ ಆಗುವವರೆಗೂ ತುಪ್ಪ ತಡೆ’ ಎಂದು ಬಿಡಿಸಿ ಹೇಳಿರುತ್ತಾರೆ. ಹಳೆಯ ಎಕ್ಸ್86 ಪ್ರೋಗ್ರಾಮಿನಲ್ಲಿ ಆ ಸೂಚನೆ ಇರುವುದೇ ಇಲ್ಲ, ಅಲ್ಲಿ ಅದು ಬೇಕಿರಲಿಲ್ಲ. ಯಾವುದು ತುಪ್ಪ, ಯಾವುದು ಬರಿ ಉಪ್ಪಿನಕಾಯಿ ಎಂದು ಅನುವಾದಕನಿಗೆ ಹೇಗೆ ಗೊತ್ತಾಗಬೇಕು? ತಪ್ಪಾಗಬಾರದು ಎಂದರೆ ಕಂಡಕಂಡಲ್ಲೆಲ್ಲ ‘ತಡೆ’ ಎನ್ನಬೇಕು, ಆಗ ಪಂಕ್ತಿಯೇ ನಿಧಾನ. ಆಪಲ್ ಇದಕ್ಕೆ ಚಿಪ್‌ನೊಳಗೇ ಒಂದು ಸ್ವಿಚ್ ಇಟ್ಟಿತು. ಅನುವಾದವಾದ ಪ್ರೋಗ್ರಾಂ ಓಡುವಾಗ ಸ್ವಿಚ್ ಒತ್ತಿದರೆ ಬಡಿಸುವವರೆಲ್ಲ ಎಕ್ಸ್86 ಸರದಿಗೆ ನಿಲ್ಲುತ್ತಾರೆ. ರೊಸೆಟ್ಟಾ ಅಷ್ಟು ಸಲೀಸಾಗಿ ಓಡುವುದಕ್ಕೆ ಇದೊಂದು ದೊಡ್ಡ ಕಾರಣ.

ಅನುವಾದಕ ಕಾಲಿಡಲಾಗದ ಒಂದು ಜಾಗ ಇದೆ, ಅದೇ ಡ್ರೈವರ್. ಅನುವಾದಕ ಕೂರುವುದು ಆಪರೇಟಿಂಗ್ ಸಿಸ್ಟಂನ ಜಗಲಿ ಮೇಲೆ. ಬರುವ ಹೋಗುವ ಪ್ರೋಗ್ರಾಂಗಳಿಗೆಲ್ಲ ಮಾತು ತಿರುಗಿಸಿ ಕೊಡುತ್ತದೆ. ಹಾರ್ಡ್‌ವೇರ್ ಮುಟ್ಟುವ ಡ್ರೈವರ್‌ಗಳಲ್ಲಿ ಬಹಳಷ್ಟು ಅಡುಗೆಮನೆ ಒಳಗೇ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಕೆಲಸ ಮಾಡುವಂಥವು. ಅಲ್ಲಿ ಆರ್ಮ್ ಬಂದವರಿಗೇ ಪ್ರವೇಶ. ನಮ್ಮ ಹುಡುಗಿಯ ಹಳದಿ ತ್ರಿಕೋನಕ್ಕೆ ಕಾರಣ ಇದೇ. ಹಳೆಯ ಪ್ರಿಂಟರ್, ಸಿಎ ಓದುವವರು ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಪರೀಕ್ಷೆ ವೇಳೆ ಇಡೀ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಸಾಫ್ಟ್‌ವೇರ್, ಮೋಸ ತಡೆಯುವ ಕಾವಲು ಇರುವ ಆನ್‌ಲೈನ್ ಗೇಮ್, ಇವೆಲ್ಲ ಎಡವುವ ಸಾಧ್ಯತೆ ಇರುವುದು ಇಲ್ಲೇ.

ಹಾಗಾಗಿ ಏನು ಕೊಳ್ಳಬೇಕು ಎಂಬುದು ನೀವು ಏನು ಓದುತ್ತೀರಿ ಎನ್ನುವುದರ ಮೇಲಿದೆ. ಮೆಕ್ಯಾನಿಕಲ್ ಆದರೆ, ಯಂತ್ರಭಾಗಗಳ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್, ಕ್ಯಾಟಿಯಾ ಬೇಕೇ ಬೇಕು. ಕಣ್ಣು ಮುಚ್ಚಿ ಎಕ್ಸ್86 ವಿಂಡೋಸ್ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ಸ್‌ನವರಿಗೂ ಅದೇ ಮಾತು, ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬದಲಿಸಬಹುದಾದ ಚಿಪ್) ಕಲಿಯಲು ಬಳಸುವ ವಿವಾಡೋ ಎಂಬ ಸಾಫ್ಟ್‌ವೇರ್ ಬರುವುದು ಎಕ್ಸ್86ನ ವಿಂಡೋಸ್ ಮತ್ತು ಲಿನಕ್ಸ್‌ಗೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಪೈಥಾನ್, ಜಾವಾ, ವಿಎಸ್ ಕೋಡ್ ಎಲ್ಲ ಆರ್ಮ್ ಭಾಷೆಯಲ್ಲೇ ಸಿಗುತ್ತವೆ, ಧೈರ್ಯವಾಗಿ ಕೊಳ್ಳಬಹುದು. ಒಂದು ವಿಷಯ ಮಾತ್ರ ಗಮನಿಸಿ. ಕಾಲೇಜಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿ ಕೊಡುವ ವರ್ಚುವಲ್‌ಬಾಕ್ಸ್ ಉಬುಂಟು, ಅಂದರೆ ವಿಂಡೋಸ್ ಒಳಗೇ ತೆರೆಯುವ ಲಿನಕ್ಸ್, ಸಾಮಾನ್ಯವಾಗಿ ಎಕ್ಸ್86ನದು, ಆರ್ಮ್‌ನ ಮೇಲೆ ಅದು ಹಾಗೇ ತೆರೆಯುವುದಿಲ್ಲ. ಬಿಎ, ಬಿಕಾಂ, ಕಾನೂನು, ಮೆಡಿಕಲ್ ಓದುವವರ ಕೆಲಸ ಹೆಚ್ಚಾಗಿ ಬ್ರೌಸರ್, ವರ್ಡ್, ಪಿಡಿಎಫ್‌ನಲ್ಲೇ ಮುಗಿಯುತ್ತದೆ. ಅವರಿಗೆ ಆರ್ಮ್ ಲ್ಯಾಪ್‌ಟಾಪ್ ಬಹಳ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮ್ಯಾಕ್ ಕೊಳ್ಳುವವರಿಗೆ ಇನ್ನೊಂದು ಮಾತು. ಮ್ಯಾಕ್‌ಒಎಸ್ 27ರವರೆಗೆ ರೊಸೆಟ್ಟಾ ಪೂರ್ತಿಯಾಗಿ ಇರುತ್ತದೆ, ಆಮೇಲೆ ಕೆಲವು ಹಳೆಯ ಗೇಮ್‌ಗಳಿಗಷ್ಟೇ ಎಂದು ಆಪಲ್ 2025ರಲ್ಲೇ ಹೇಳಿದೆ. ನಾಲ್ಕು ವರ್ಷದ ಕೋರ್ಸಿಗೆ ಸೇರುವವರು ತಮ್ಮ ಸಾಫ್ಟ್‌ವೇರ್ ಆರ್ಮ್‌ಗೇ ಸಿಗುತ್ತದಾ ಎಂದು ಈಗಲೇ ನೋಡಿಕೊಳ್ಳಬೇಕು. ಯಾವ ಪ್ರೋಗ್ರಾಂ ಅನುವಾದದಲ್ಲಿ ಓಡುತ್ತಿದೆ ಎಂದು ತಿಳಿಯಲು ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್‌ನಲ್ಲಿ ‘ಕೈಂಡ್’ ಕಾಲಂ ಇದೆ, ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಆರ್ಕಿಟೆಕ್ಚರ್’ ಕಾಲಂ ಸೇರಿಸಿಕೊಳ್ಳಬಹುದು. ರ್‍ಯಾಮ್ 16 ಜಿಬಿಗೆ ಕಮ್ಮಿ ಬೇಡ. ಈ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋದರೂ ಹೆಚ್ಚಿಸಲು ಆಗುವುದಿಲ್ಲ.

ನಮ್ಮಕ್ಕನ ಮಗಳು ಆ ಲ್ಯಾಪ್‌ಟಾಪನ್ನು ವಾಪಸ್ ಕೊಡಲಿಲ್ಲ. ಪ್ರೋಗ್ರಾಂ ಬರೆಯುವುದು ಮನೆಯಲ್ಲಿ, 8051 ಬೋರ್ಡಿಗೆ ಇಳಿಸುವುದು ಲ್ಯಾಬ್‌ನ ಹಳೆಯ ಡೆಸ್ಕ್‌ಟಾಪ್‌ನಲ್ಲಿ. ಈ ಸಲ ಅವಳ ಜೂನಿಯರ್ ಒಬ್ಬಳು ಯಾವ ಲ್ಯಾಪ್‌ಟಾಪ್ ತಗೊಳ್ಲಿ ಅಕ್ಕ ಎಂದು ಕೇಳಿದಾಗ ಅವಳು ಬ್ರ್ಯಾಂಡ್ ಹೆಸರು ಹೇಳಲಿಲ್ಲ. ‘ನಿಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಸಾಫ್ಟ್‌ವೇರ್ ಪಟ್ಟಿ ಇರುತ್ತಲ್ಲ, ಮೊದಲು ಆ ಪುಟದ ಫೋಟೋ ಕಳಿಸು’ ಎಂದಳು.