ನಂಬರ್ ಒತ್ತುವುದು ಅಮ್ಮ, ದಾರಿ ಹುಡುಕುವುದು ಡಬ್ಬಿ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಇರುವುದು ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಮಂಡ್ಯದಲ್ಲೂ ಹಾಗೇ. ಫೋನ್ ಕೆಲಸಕ್ಕೆ ಇಂಥ ಮನೆಗಳಿಗೆ ಹೋದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕಾಲ್ ಖರ್ಚು ಕಡಿಮೆ ಮಾಡೋಕೆ ಏನೋ ಡಯಲರ್ ಅಂತ ಬರುತ್ತಂತಲ್ಲ, ಅದನ್ನ ಹಾಕಿಕೊಡ್ತೀರಾ?"

ಹಾಕಿಕೊಡಬಹುದು. ಆದರೆ ಮೊದಲು ನಾನು ಕೇಳುವುದು ಹಿಂದಿನ ಮೂರು ತಿಂಗಳ ಬಿಲ್. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಗೊತ್ತಿಲ್ಲದೆ ಡಬ್ಬಿ ತಂದಿಟ್ಟರೆ ಡಬ್ಬಿಯ ಖರ್ಚೂ ಸೇರುತ್ತದೆ, ಅಷ್ಟೇ. ಒಂದು ಕಾಲದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಮಾತಾಡುವುದೇ ದುಬಾರಿ. ರಾತ್ರಿ ದರ ಇಳಿಯಲಿ ಅಂತ ಎಸ್‌ಟಿಡಿ ಬೂತ್ ಮುಂದೆ ಜನ ಕಾಯುತ್ತಿದ್ದರು. 2006ರಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎನ್ನುವ ಪ್ಲಾನ್ ಬಂತು. ಒಂದು ಕಂಪನಿಯ ಮೊಬೈಲ್‌ನಿಂದ ಇನ್ನೊಂದಕ್ಕೆ ಕರೆ ಹೋದರೆ ಆ ಕಂಪನಿಗೆ ಇದು ಕಟ್ಟಬೇಕಾಗಿದ್ದ ಶುಲ್ಕವೂ 2021ರ ಜನವರಿ 1ರಿಂದ ಸೊನ್ನೆಯಾಯಿತು. ಈಗ ಬಹುತೇಕ ಫೈಬರ್ ಪ್ಲಾನ್‌ಗಳಲ್ಲಿ ದೇಶದೊಳಗಿನ ಕರೆಗೆ ಬೇರೆ ಹಣ ಇಲ್ಲ. ನಿಮ್ಮ ಮನೆಗೆ ಇನ್ನೂ ಹಳೇ ಪ್ಲಾನ್ ಇದ್ದರೆ ಅದನ್ನು ಬದಲಿಸಿ. ಅರ್ಧ ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಉಳಿಯುವುದು ಎರಡು. ಒಂದು, 1860ರಿಂದ ಶುರುವಾಗುವ ಸಹಾಯವಾಣಿ ನಂಬರ್‌ಗಳು. 1800 ಉಚಿತ, 1860 ಹಾಗಲ್ಲ. ಬ್ಯಾಂಕಿನ ನಂಬರ್ ಅಂತ ಒತ್ತಿ ಹತ್ತು ನಿಮಿಷ ಸಂಗೀತ ಕೇಳುತ್ತಾ ಕೂತರೆ ಅದಕ್ಕೂ ದುಡ್ಡು ಬೀಳಬಹುದು. ಎರಡನೆಯದು ವಿದೇಶದ ಕರೆ. ಡಯಲರ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ.

ಡಯಲರ್ ಅಂದರೆ ಫೋನಿಗೂ ಲೈನಿಗೂ ನಡುವೆ ಕೂರುವ ಸಣ್ಣ ಡಬ್ಬಿ. ಒತ್ತಿದ ಅಂಕಿಗಳನ್ನು ಮೊದಲು ಅದು ಓದುತ್ತದೆ. ಈ ನಂಬರ್ ಮಾಮೂಲಿ ಲೈನಿನಲ್ಲಿ ಹೋಗಬೇಕೋ ಇಂಟರ್ನೆಟ್‌ನಲ್ಲಿ ಹೋಗಬೇಕೋ ಅಂತ ನೋಡಿ ಕಳಿಸುತ್ತದೆ. ಇದಕ್ಕೆ ಅಡಾಪ್ಟರ್ ಅಂತಲೂ ಹೇಳುತ್ತಾರೆ. ಕೊಳ್ಳುವಾಗ 'ಫೋನ್' ಮತ್ತು 'ಲೈನ್' ಅಂತ ಎರಡೂ ಕಿಂಡಿ ಇರುವುದನ್ನೇ ಕೇಳಿ. ಫೋನ್ ಕಿಂಡಿಗೆ ಮನೆಯ ಸೆಟ್ಟು, ಲೈನ್ ಕಿಂಡಿಗೆ ಫೈಬರ್ ಮೋಡೆಮ್‌ನ ಫೋನ್ ಕಿಂಡಿಯಿಂದ ಬರುವ ವೈರು. ಅದಲು ಬದಲು ಮಾಡಬೇಡಿ, ಡಬ್ಬಿ ಸುಟ್ಟು ಹೋಗಬಹುದು. ಇಂಟರ್ನೆಟ್‌ಗೆ ವೈಫೈ ಬೇಡ, ಮೋಡೆಮ್‌ನಿಂದ ನೇರ ಕೇಬಲ್ ಎಳೆಯಿರಿ. ಚಕ್ರ ತಿರುಗಿಸುವ ಹಳೇ ಫೋನ್ ಅನೇಕ ಡಬ್ಬಿಗಳಿಗೆ ಅರ್ಥವಾಗುವುದಿಲ್ಲ. ಬಟನ್ ಫೋನಿನ ಕೆಳಗೆ ಪಲ್ಸ್, ಟೋನ್ ಅಂತ ಸ್ವಿಚ್ ಇದ್ದರೆ ಟೋನ್‌ಗೆ ಹಾಕಿ.

ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. ಕೆಲಸ ಇರುವುದು ಡಯಲ್ ಪ್ಲಾನ್, ಅಂದರೆ ಯಾವ ನಂಬರ್ ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ನಿಯಮಗಳ ಪಟ್ಟಿ ಬರೆಯುವುದರಲ್ಲಿ.

ಅಲ್ಲಿ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ. ಫೋನ್ ಮಾಡುವವರು ಹೊಸದಾಗಿ ಏನನ್ನೂ ಕಲಿಯುವಂತಿರಬಾರದು. "ಅಮೆರಿಕಕ್ಕಾದರೆ ಮೊದಲು ಎಂಟು ಒತ್ತಿ, ಬೀಪ್ ಬಂದಮೇಲೆ ಪಿನ್ ಹಾಕಿ" ಅಂತ ಎಪ್ಪತ್ತೈದರ ಅಮ್ಮನಿಗೆ ಹೇಳಿಕೊಟ್ಟು ಬಂದರೆ ಅವರು ಒಂದು ವಾರ ಪ್ರಯತ್ನಪಡುತ್ತಾರೆ, ಆಮೇಲೆ ಫೋನ್ ಮಾಡುವುದನ್ನೇ ಬಿಡುತ್ತಾರೆ. ಉಳಿತಾಯ ಆಯಿತು ನಿಜ, ಆದರೆ ಮಗಳ ಜೊತೆ ಮಾತೂ ನಿಂತಿತು. ಹಾಗಾಗಿ ಬುದ್ಧಿ ಎಲ್ಲ ಡಬ್ಬಿಯೊಳಗೆ ಇರಬೇಕು.

ನಮ್ಮ ಊರಿನ ಲೆಕ್ಕದಲ್ಲೇ ನೋಡಿ. ಮೈಸೂರಿನ ಕೋಡ್ 0821, ಒಳಗಿನ ನಂಬರ್ ಏಳು ಅಂಕಿ. ಮಂಡ್ಯದ್ದು 08232, ನಂಬರ್ ಆರು ಅಂಕಿ. ಸೊನ್ನೆ ಸೇರಿ ಎರಡೂ ಹನ್ನೊಂದೇ. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡಲು 2021ರ ಜನವರಿ 15ರಿಂದ ಮುಂದೆ ಸೊನ್ನೆ ಬೇಕೇ ಬೇಕು, ಅದೂ ಹನ್ನೊಂದು. ಆದ್ದರಿಂದ ಮೊದಲ ನಿಯಮ ಸುಲಭ: ಒಂದೇ ಸೊನ್ನೆಯಿಂದ ಶುರುವಾಗಿ ಹನ್ನೊಂದು ಅಂಕಿ ಆದರೆ ಲೈನಿಗೆ ಕಳಿಸು. ಎರಡು ಸೊನ್ನೆಯಿಂದ ಶುರುವಾದರೆ ವಿದೇಶ, ಅದಕ್ಕೆ ಬೇರೆ ದಾರಿ. ಸೊನ್ನೆ ಮರೆತು ಮೊಬೈಲ್‌ನ ಹತ್ತೇ ಅಂಕಿ ಒತ್ತುವವರು ಈಗಲೂ ಜಾಸ್ತಿ. ಆ ಸೊನ್ನೆಯನ್ನು ಡಬ್ಬಿಯೇ ಸೇರಿಸುವ ಹಾಗೆ ಇನ್ನೊಂದು ನಿಯಮ ಬರೆಯುತ್ತೇನೆ. ಹಾಗೆ ಮಾಡಿದ ಮನೆಗಳಲ್ಲಿ "ಫೋನ್ ಸರಿ ಇಲ್ಲ" ಎನ್ನುವ ದೂರೇ ಕಡಿಮೆ.

ಇನ್ನು ಸಮಯ. ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವೆ ಎಷ್ಟು ಸೆಕೆಂಡ್ ಕಾಯಬೇಕು ಅಂತ ಪ್ರತಿ ಡಬ್ಬಿಯಲ್ಲೂ ಒಂದು ಲೆಕ್ಕ ಇರುತ್ತದೆ. ಕಂಪನಿಯಿಂದ ಬರುವಾಗ ಅದನ್ನು ಮೂರೋ ನಾಲ್ಕೋ ಸೆಕೆಂಡಿಗೆ ಇಟ್ಟಿರುವುದುಂಟು. ನಮ್ಮ ಹಿರಿಯರು ಡೈರಿ ತೆಗೆದು, ಕನ್ನಡಕ ಏರಿಸಿ, ಮೂರು ಅಂಕಿ ಓದಿ ಒತ್ತಿ, ಮತ್ತೆ ಡೈರಿ ನೋಡುತ್ತಾರೆ. ಅಷ್ಟರಲ್ಲಿ ಡಬ್ಬಿ ಅರ್ಧ ನಂಬರನ್ನೇ ಕಳಿಸಿ "ನೀವು ಡಯಲ್ ಮಾಡಿದ ಸಂಖ್ಯೆ ಸರಿಯಿಲ್ಲ" ಅನ್ನಿಸುತ್ತದೆ. ತಪ್ಪು ತಮ್ಮದೇ ಅಂದುಕೊಂಡು ಅವರು ಸುಮ್ನೆ ರಿಸೀವರ್ ಇಟ್ಟುಬಿಡುತ್ತಾರೆ. ನನಗೆ ತುಂಬಾ ಬೇಸರ ತರಿಸುವುದು ಇದೇ. ಈ ಲೆಕ್ಕವನ್ನು ಹತ್ತು ಸೆಕೆಂಡಿಗೆ ಏರಿಸಿ. ನಂಬರ್ ಪೂರ್ತಿಯಾದ ಮೇಲೆ ಕಾಯುವ ಸಮಯ ಸಾಮಾನ್ಯವಾಗಿ ಬೇರೆ ಇರುತ್ತದೆ, ಅದು ಎರಡು ಸೆಕೆಂಡ್ ಸಾಕು. ಬೇಗ ಹೋಗಬೇಕು ಅನ್ನುವವರಿಗೆ ಕೊನೆಯಲ್ಲಿ ಹ್ಯಾಶ್ (#) ಒತ್ತುವ ಅನುಕೂಲ ಇಟ್ಟರಾಯಿತು.

ಮಕ್ಕಳಿಗೆ ಶಾರ್ಟ್ ನಂಬರ್ ಕೊಡುವಾಗ ಒಂದು ಎಚ್ಚರಿಕೆ. ಮಗನಿಗೆ 101, ಮಗಳಿಗೆ 108 ಅಂತ ಇಡಲು ಹೋಗಬೇಡಿ. 101 ಅಗ್ನಿಶಾಮಕ ದಳ, 108 ಆಂಬುಲೆನ್ಸ್. 100, 112 ಇವನ್ನೂ ಮುಟ್ಟಬಾರದು. ನಾನು 2 ಮತ್ತು ಹ್ಯಾಶ್, 3 ಮತ್ತು ಹ್ಯಾಶ್ ಅಂತ ಇಡುತ್ತೇನೆ. ತುರ್ತು ನಂಬರ್‌ಗಳು ಯಾವ ಕಾರಣಕ್ಕೂ ಇಂಟರ್ನೆಟ್ ದಾರಿಗೆ ಹೋಗಬಾರದು, ನೇರ ಲೈನಿಗೇ ಹೋಗಬೇಕು. ಡಯಲ್ ಪ್ಲಾನ್‌ನಲ್ಲಿ ನಾನು ಮೊದಲು ಬರೆಯುವ ಸಾಲೇ ಅದು. ಪರೀಕ್ಷೆಗೆ ಅಂತ 112ಕ್ಕೆ ಕರೆ ಮಾಡಬೇಡಿ. ಯಾವ ಅಂಕಿ ಯಾವ ದಾರಿಗೆ ಹೋಗುತ್ತದೆ ಅನ್ನುವುದನ್ನು ಸೆಟ್ಟಿಂಗ್ ಪುಟದಲ್ಲೇ ಎರಡು ಸಲ ಓದಿ ನೋಡಿ.

ಈಗ ವಿದೇಶದ ದಾರಿ. ಎಲ್ಲಕ್ಕಿಂತ ಅಗ್ಗದ್ದು ಅಂದರೆ ಎರಡೂ ಮನೆಯಲ್ಲಿ ಇಂಥ ಡಬ್ಬಿ ಇಟ್ಟು, ಎರಡನ್ನೂ ಒಂದೇ ಇಂಟರ್ನೆಟ್ ಫೋನ್ ಸೇವೆಗೆ ಸೇರಿಸುವುದು. ಒಂದೇ ಆಫೀಸಿನ ಇಂಟರ್‌ಕಾಮ್ ಇದ್ದ ಹಾಗೆ. ಅಮ್ಮ ಮೈಸೂರಿನ ಗೋಕುಲಂನಲ್ಲಿ 2 ಮತ್ತು ಹ್ಯಾಶ್ ಒತ್ತಿದರೆ ಕ್ಯಾಲಿಫೋರ್ನಿಯಾದ ಮನೆಯ ಫೋನ್ ಬಡಿದುಕೊಳ್ಳುತ್ತದೆ. ನಿಮಿಷದ ಲೆಕ್ಕವೇ ಇಲ್ಲ. ಒಳ್ಳೆಯ ದನಿಗೆ ಒಂದು ಕರೆಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ವೇಗ ಸಾಕು, ಈಗಿನ ಫೈಬರ್‌ಗೆ ಅದು ಏನೂ ಅಲ್ಲ. ವಾಟ್ಸಾಪ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ಮೊಮ್ಮಗುವಿನ ಮುಖ ನೋಡಲು ಅದೇ ಸರಿ. ಆದರೆ ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ ಕೈತುಂಬ ಸಿಗುವ ರಿಸೀವರ್, ದೊಡ್ಡ ಬಟನ್, ಜೋರಾಗಿ ಬಡಿಯುವ ಗಂಟೆ ಬೇರೆಯೇ ಧೈರ್ಯ ಕೊಡುತ್ತವೆ, ಅಲ್ವಾ?

ಒಂದು ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. "ಮಗ ಇಂಟರ್ನೆಟ್‌ನಲ್ಲಿ ಇಲ್ಲಿಗೆ ಮಾಡಲಿ, ಇಲ್ಲಿಂದ ನಮ್ಮ ಲೈನಿನಲ್ಲೇ ನೆಂಟರಿಷ್ಟರಿಗೆಲ್ಲ ಕರೆ ಹೋಗಲಿ" ಅಂತ ಕೇಳುವವರಿದ್ದಾರೆ. ಡಬ್ಬಿಗೆ ಅದು ಸಾಧ್ಯ. ಆದರೆ ವಿದೇಶದಿಂದ ಇಂಟರ್ನೆಟ್‌ನಲ್ಲಿ ಬಂದ ಕರೆಯನ್ನು ಇಲ್ಲಿನ ಲೈನಿಗೋ ಸಿಮ್ಮಿಗೋ ದಾಟಿಸುವುದು ಲೈಸೆನ್ಸ್ ಇಲ್ಲದವರಿಗೆ ಅಪರಾಧ. ಸಿಮ್ ಬಾಕ್ಸ್, ಅಂದರೆ ಹತ್ತಾರು ಸಿಮ್ ಹಾಕಿ ಹೀಗೆ ಕರೆ ದಾಟಿಸುವ ಯಂತ್ರ ಇಟ್ಟುಕೊಂಡವರ ಮೇಲೆ ಪೊಲೀಸರು ದಾಳಿ ಮಾಡುವುದು ಇದೇ ಕಾರಣಕ್ಕೆ. ಮನೆಯವರಿಗೆ ಮಾತ್ರ ಅಂದರೂ ಬೇಡ. ಆ ಎರಡು ದಾರಿ ಸೇರದ ಹಾಗೆ ಸೆಟ್ಟಿಂಗ್‌ನಲ್ಲೇ ಮುಚ್ಚಿಡಿ.

ಹಾಗೇ ಡಬ್ಬಿಯ ಮೂಲ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಬದಲಿಸದೆ ಬಿಟ್ಟರೆ ಎಲ್ಲೋ ಕೂತವನು ನಿಮ್ಮ ಇಂಟರ್ನೆಟ್ ಫೋನ್ ಸೇವೆಯ ಖಾತೆಯಿಂದ ದುಬಾರಿ ದೇಶಗಳಿಗೆ ಕರೆ ಮಾಡಿ ಬ್ಯಾಲೆನ್ಸ್ ಖಾಲಿ ಮಾಡುತ್ತಾನೆ. ಮಕ್ಕಳಿರುವ ದೇಶದ ಕೋಡ್ ಬಿಟ್ಟು ಉಳಿದೆಲ್ಲ ವಿದೇಶಗಳನ್ನೂ ಡಯಲ್ ಪ್ಲಾನ್‌ನಲ್ಲಿ ತಡೆಯಿರಿ. ಒಂದೇ ರಿಂಗ್ ಕೊಟ್ಟು ಕಟ್ ಮಾಡುವ ವಿದೇಶಿ ನಂಬರ್‌ಗೆ ಮನೆಯವರು ವಾಪಸ್ ಫೋನ್ ಮಾಡಿ ಮೋಸ ಹೋಗುವುದೂ ಇದರಿಂದ ತಪ್ಪುತ್ತದೆ.

ಕೊನೆಗೆ ಕರೆಂಟ್. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರ್ ಹಾಗಲ್ಲ. ಕರೆಂಟ್ ಹೋದರೆ ಮೋಡೆಮ್ ಸತ್ತಿತು, ಡಬ್ಬಿಯೂ ಸತ್ತಿತು. ಮೋಡೆಮ್‌ಗೆ ಹಾಕುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗುತ್ತದೆ. ಎರಡಕ್ಕೂ ಸಾಲುವಂಥದ್ದು ತನ್ನಿ, ಡಬ್ಬಿಯ ಕರೆಂಟ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಕೊಂಡೇ ಜೋಡಿಸಿ. ಮಂಡ್ಯದ ಹಳ್ಳಿಗಳಲ್ಲಿ ಕೇಬಲ್‌ನವರಿಂದ ಇಂಟರ್ನೆಟ್ ತೆಗೆದುಕೊಂಡವರು ಇನ್ನೊಂದು ಮಾತು ಕೇಳಿಕೊಳ್ಳಿ: ಕರೆಂಟ್ ಇಲ್ಲದಾಗ ಅವರ ಕಡೆಯ ಯಂತ್ರ ನಡೆಯುತ್ತದೆಯೇ? ಅದು ನಿಂತರೆ ನಿಮ್ಮ ಯುಪಿಎಸ್‌ನಿಂದ ಪ್ರಯೋಜನ ಇಲ್ಲ. ಅಂಥ ಮನೆಯಲ್ಲಿ ಚಾರ್ಜ್ ಆಗಿರುವ ಬಟನ್ ಮೊಬೈಲ್ ಒಂದು ಮನೆಯ ಫೋನಿನ ಪಕ್ಕದಲ್ಲೇ ಇರಲಿ.

ಕೆಲಸ ಮುಗಿಸಿ ಹೊರಡುವ ಮೊದಲು ಫೋನಿನ ಹತ್ತಿರ ಒಂದು ಚೀಟಿ ಅಂಟಿಸುತ್ತೇನೆ. ದಪ್ಪ ಅಕ್ಷರ, ಕನ್ನಡದಲ್ಲಿ. ಮಗನ ಹೆಸರು, 2 ಮತ್ತು ಹ್ಯಾಶ್. ಮಗಳ ಹೆಸರು, 3 ಮತ್ತು ಹ್ಯಾಶ್. ಕೆಳಗೆ ಅಲ್ಲಿನ ಹೊತ್ತು: ಇಲ್ಲಿ ರಾತ್ರಿ ಎಂಟಾದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆ, ಚಳಿಗಾಲದಲ್ಲಿ ಆರೂವರೆ. ಆಮೇಲೆ ಅಮ್ಮನ ಕೈಯಿಂದಲೇ ಒಂದು ಕರೆ ಮಾಡಿಸುತ್ತೇನೆ. ನಾನು ಒತ್ತಿ ತೋರಿಸುವುದಿಲ್ಲ.