ಹೇಂಟೆಯ ಗರಿ ತೊಟ್ಟ ಹುಂಜ

ಗುಡಿಬಂಡೆ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಸಾಕಿದ್ದ ಹೇಂಟೆಯೊಂದು ಒಂದು ಬೆಳಗಿನ ಜಾವ ಹುಂಜದಂತೆ ಕೂಗಿತು. ಮನೆಗೆ ಕೇಡೆಂದು ನೆರೆಹೊರೆಯವರು ಹೆದರಿಸಿದರು. ಸಂಜೆಯೊಳಗೆ ಅದರ ಕತ್ತು ಕೊಯ್ದಾಯಿತು. ಇಂಥ ಭಯ ನಮ್ಮೂರಿನದಷ್ಟೇ ಅಲ್ಲ. ಇಂದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂಬ ಆರೋಪಕ್ಕೆ ಒಂದು ಹುಂಜವನ್ನು ವಿಚಾರಣೆ ಮಾಡಿ ಸುಟ್ಟುಹಾಕಿದರು! ಈ ಭಯಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮದ್ದು ಸೀಬ್ರೈಟ್ ಎಂಬ ಪ್ರದರ್ಶನದ ಕೋಳಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ ಈ ತಳಿಯನ್ನು ರೂಪಿಸಿದರು. ಬೇಕಾದ ಗರಿಯನ್ನು ಮೂರೇ ವರ್ಷಗಳಲ್ಲಿ ತರಿಸಬಲ್ಲೆ ಎಂದು ಪಾರಿವಾಳಗಳ ವಿಚಾರದಲ್ಲಿ ಹೇಳುತ್ತಿದ್ದ ಅವರ ಮಾತನ್ನು ಡಾರ್ವಿನ್ ಉಲ್ಲೇಖಿಸಿದ್ದಾರೆ. ಕೋಳಿಯಲ್ಲೂ ಅದೇ ಕೈಚಳಕ: ಬೆಳ್ಳಿ ಅಥವಾ ಹೊಂಬಣ್ಣದ ಪ್ರತಿ ಗರಿಗೂ ಕಾಡಿಗೆ ತೀಡಿದಂಥ ಕಪ್ಪು ಅಂಚು. ಹುಂಜದ ತೂಕ ಸುಮಾರು 600 ಗ್ರಾಂ. ಅದಕ್ಕೆ ಜುಟ್ಟಿದೆ, ಕೂಗಿದೆ. ಆದರೆ ಬಾಲದಲ್ಲಿ ಕುಡುಗೋಲಿನಂತೆ ಬಾಗುವ ಉದ್ದ ಗರಿಗಳಿಲ್ಲ. ಗರಿಯಲ್ಲಿ ಅದು ಥೇಟ್ ಹೇಂಟೆ.

ಕಾರಣ ತಿಳಿಯಲು ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ ನೋಡಿ. ಸವರುತ್ತಿದ್ದರೆ ಅದು ಮೊಣಕಾಲೆತ್ತರದ ಗಿಡ, ಬಿಟ್ಟರೆ ಮರ. ಕೋಳಿಯ ಗರಿಯೂ ಹಾಗೆಯೇ: ತಡೆಯುವವರಿಲ್ಲದಿದ್ದರೆ ಹುಂಜದ ಗರಿಯಾಗಿ ಬೆಳೆಯುತ್ತದೆ. ಹೇಂಟೆಯ ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನೇ ಅದನ್ನು ಸವರುವ ಮಚ್ಚು. ಸೀಬ್ರೈಟ್ ಹುಂಜಕ್ಕೆ ಅಂಡಾಶಯವಿಲ್ಲ, ನಿಜ. ಆದರೆ ಅದರ ಚರ್ಮವೇ ಅರೋಮಟೇಸ್ ಎಂಬ ಕಿಣ್ವದಿಂದ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಬೇರೆ ಬಹುತೇಕ ತಳಿಗಳ ಚರ್ಮದಲ್ಲಿ ಈ ಕಿಣ್ವದ ಜೀನ್ ಸುಮ್ಮನಿರುತ್ತದೆ. ಇಲ್ಲಿ ಯಾವುದೋ ಕಾಲದಲ್ಲಿ ವೈರಸ್ಸೊಂದು ಆ ಜೀನಿನ ಪಕ್ಕ ತನ್ನ ತುಣುಕನ್ನು ಸೇರಿಸಿಬಿಟ್ಟಿದೆ. ಕೊಳವೆಬಾವಿಯ ಮೋಟಾರಿಗೆ ಯಾರೋ ಎರಡನೆಯ ಸ್ವಿಚ್ ಕೂರಿಸಿ, ಅದನ್ನು ಆರಿಸದೆ ಹೋದಂತೆ! ಅಮೆರಿಕದ ತಳಿವಿಜ್ಞಾನಿ ಟಿ. ಎಚ್. ಮಾರ್ಗನ್ ಸೀಬ್ರೈಟ್ ಹುಂಜಗಳ ವೃಷಣ ತೆಗೆದಾಗ ಅವುಗಳಿಗೆ ಭರ್ಜರಿ ಹುಂಜದ ಗರಿಗಳು ಮೂಡಿದವು. ಆ ಫಲಿತಾಂಶವನ್ನು ಅವರು 1919ರಲ್ಲಿ ಪ್ರಕಟಿಸಿದರು. ವೃಷಣದಿಂದ ಬರುತ್ತಿದ್ದ ಗಂಡು ಹಾರ್ಮೋನೆಂಬ ಕಚ್ಚಾವಸ್ತು ನಿಂತಿತು, ಮಚ್ಚೂ ನಿಂತಿತು.

ಕೂಗುವ ಹೇಂಟೆಯ ಕಥೆ ಇದರ ಕನ್ನಡಿಬಿಂಬ. ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಅದು ರೋಗದಿಂದ ಕೆಟ್ಟರೆ ಬಲಗಡೆ ಮುದುಡಿ ಕುಳಿತಿದ್ದ ಅಂಗ ವೃಷಣದಂತೆ ಬೆಳೆಯಬಹುದು. ಆಗ ಜುಟ್ಟು ಕೆಂಪೇರುತ್ತದೆ, ಹೊಸದಾಗಿ ಬರುವ ಗರಿಗಳು ಹುಂಜದವಾಗುತ್ತವೆ, ಗಂಟಲು ಕೂಗುತ್ತದೆ. ಅಜ್ಜಿಯ ಹೇಂಟೆ ಕೂಗುವುದಕ್ಕೆ ಎರಡು ತಿಂಗಳು ಮೊದಲೇ ಮೊಟ್ಟೆಯಿಡುವುದನ್ನು ನಿಲ್ಲಿಸಿತ್ತು.